ಅಂಗನವಾಡಿ ಹುದ್ದೆಗೆ ಅರ್ಜಿ ಹಾಕಿದ್ದೀರಾ? ಆಮೇಲೆ ಮಾಡಬೇಕಾದ ಕೆಲಸ ಇವು

ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ ಹುದ್ದೆಗೆ ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸಿ, ಪ್ರಿಂಟ್ ತಗೊಂಡು ಮನೆಗೆ ಹೋಗಿ ಕಾಯುವವರೇ ಹೆಚ್ಚು. ಆದರೆ ಅರ್ಜಿ ಹಾಕಿದ ಮೇಲೂ ಕೆಲಸ ಇದೆ. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದು, ಆಕ್ಷೇಪಣೆಯ ದಿನ ಮುಗಿದ ಮೇಲೆ ವಿಷಯ ಗೊತ್ತಾದರೆ ಅರ್ಹತೆ ಇದ್ದವರೂ ಅವಕಾಶ ಕಳೆದುಕೊಳ್ಳಬೇಕಾಗುತ್ತೆ.

ಅರ್ಜಿ ಪೂರ್ತಿ ಆಗಿದೆಯಾ?
ಹೆಸರು ನೋಂದಣಿ ಆದ ಮಾತ್ರಕ್ಕೆ ಅರ್ಜಿ ಮುಗಿಯಲಿಲ್ಲ. ದಾಖಲೆ ಅಪ್‌ಲೋಡ್, ಇ-ಸಹಿ ಎರಡೂ ಆಗಿರಬೇಕು. ಅರ್ಜಿ ಸಂಖ್ಯೆ ಹಾಕಿ ಸ್ಥಿತಿ ನೋಡಿ. ಕೊನೆಯ ದಿನಾಂಕದ ಒಳಗೇ ನೋಡಿದರೆ ಮಾತ್ರ ಸರಿಪಡಿಸಲು ಸಮಯ ಸಿಗುತ್ತೆ. ಅರ್ಜಿಯಲ್ಲಿ ಯಾರ ಮೊಬೈಲ್ ನಂಬರ್ ಇದೆ ಅನ್ನೋದನ್ನೂ ನೋಡಿಕೊಳ್ಳಿ. ಸೈಬರ್ ಸೆಂಟರ್‌ನವರ ನಂಬರ್ ಇದ್ದರೆ ಮೆಸೇಜ್ ಅವರಿಗೇ ಹೋಗುತ್ತೆ. ಸೆಂಟರ್ ನಡೆಸುವವರೂ ಅರ್ಜಿದಾರರ ನಂಬರನ್ನೇ ಹಾಕುವುದು ಒಳ್ಳೆಯದು.

ಎಲ್ಲಿ ವಿಚಾರಿಸಬೇಕು?
ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ. ಹೋಗುವಾಗ ಅರ್ಜಿ ಪ್ರಿಂಟ್, ಅಂಕಪಟ್ಟಿ, ವಾಸಸ್ಥಳ ಪ್ರಮಾಣಪತ್ರದ ಜೆರಾಕ್ಸ್ ಜೊತೆಗಿರಲಿ. 'ನನ್ನ ಅರ್ಜಿ ಏನಾಯ್ತು' ಅನ್ನುವುದಕ್ಕಿಂತ 'ತಾತ್ಕಾಲಿಕ ಪಟ್ಟಿ ಪ್ರಕಟ ಆಗಿದೆಯಾ, ಆಕ್ಷೇಪಣೆಗೆ ಕೊನೆ ದಿನ ಯಾವುದು' ಅಂತ ಕೇಳಿ. ಕಚೇರಿಯ ನೋಟಿಸ್ ಬೋರ್ಡ್ ನೋಡದೆ ಬರಬೇಡಿ.

ಪಟ್ಟಿಯಲ್ಲಿ ತಪ್ಪಿದ್ದರೆ?
ಅಂಕ ತಪ್ಪಾಗಿದ್ದರೆ, ಮೀಸಲಾತಿ ಬಿಟ್ಟುಹೋಗಿದ್ದರೆ, ಬೇರೆ ಊರಿನವರು ಆಯ್ಕೆಯಾಗಿದ್ದರೆ ಬರವಣಿಗೆಯಲ್ಲೇ ಆಕ್ಷೇಪಣೆ ಕೊಡಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಸೀಲು ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.

ಉತ್ತರವೇ ಬರದಿದ್ದರೆ?
ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತೆ. ಬಿಪಿಎಲ್‌ನವರು ಕಾರ್ಡಿನ ಪ್ರತಿ ಲಗತ್ತಿಸಿದರೆ ಶುಲ್ಕ ಇಲ್ಲ. ನಿಮ್ಮ ಕೇಂದ್ರದ ಮೆರಿಟ್ ಪಟ್ಟಿ, ನಿಮ್ಮ ಅರ್ಜಿ ತಿರಸ್ಕರಿಸಿದ್ದರೆ ಅದರ ಕಾರಣ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು. ಆದರೆ ಈ ಉತ್ತರಕ್ಕೆ ಕಾಯುತ್ತಾ ಆಕ್ಷೇಪಣೆ ದಿನ ಕಳೆದುಕೊಳ್ಳಬೇಡಿ. ಎರಡನ್ನೂ ಒಟ್ಟಿಗೇ ಮಾಡಿ.

'ಕೆಲಸ ಮಾಡಿಸಿಕೊಡ್ತೀವಿ' ಅಂತ ಬಂದರೆ?
ಆಯ್ಕೆ ನಡೆಯುವುದು ಅಂಕ ಮತ್ತು ಮೀಸಲಾತಿ ಮೇಲೆ. ದುಡ್ಡು ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಿ. 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು.