ಅರ್ಜಿ ಪುಟದ ವಿಭಜಿತ ಫಲಕ: ರಚನೆ ಮತ್ತು ಬಳಕೆ

ಪೀಠಿಕೆ

ಆನ್‌ಲೈನ್ ಅರ್ಜಿ ಪುಟವನ್ನು ಎರಡು ಭಾಗ ಮಾಡಿ, ಎಡಬದಿಯಲ್ಲಿ ಅರ್ಜಿ ನಮೂನೆಯನ್ನೂ ಬಲಬದಿಯಲ್ಲಿ ಅಪ್‌ಲೋಡ್ ಮಾಡಿದ ದಾಖಲೆಯನ್ನೂ ತೋರಿಸುವ ವ್ಯವಸ್ಥೆಗೆ ವಿಭಜಿತ ಫಲಕ ಅಥವಾ ಸ್ಪ್ಲಿಟ್ ಪ್ಯಾನೆಲ್ ಎಂದು ಹೆಸರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವ ಹೆಸರು ಹಾಗೂ ಜನ್ಮ ದಿನಾಂಕವನ್ನು ನೋಡಿಕೊಂಡೇ ಭರ್ತಿ ಮಾಡಬಹುದಾದ್ದರಿಂದ, ಅಕ್ಷರದೋಷದ ಕಾರಣ ಅರ್ಜಿಯು ಹಿಂದಿರುಗುವ ಸಂಭವ ಕಡಿಮೆಯಾಗುತ್ತದೆ. ವಾಣಿಜ್ಯ ವ್ಯಾಸಂಗ ಮಾಡಿದವರಿಗೆ ಖಾತೆ ಪುಸ್ತಕದ ಖರ್ಚು-ಜಮಾ ಬದಿಗಳು ನೆನಪಾಗಬಹುದು. ಅಲ್ಲಿ ನಡುವಿನ ಗೆರೆ ಸರಿಯುವುದಿಲ್ಲ. ಇಲ್ಲಿ ಸರಿಯುತ್ತದೆ, ತೊಡಕುಗಳೂ ಬಹುತೇಕ ಅಲ್ಲಿಂದಲೇ ಉದ್ಭವಿಸುತ್ತವೆ.

ರಚನೆ

ಹಿಂದೆ ಇಂತಹ ಪುಟಗಳಿಗೆ ಫ್ರೇಮ್‌ಸೆಟ್ ವಿಧಾನವನ್ನು ಬಳಸಲಾಗುತ್ತಿತ್ತು. 2014ರ ಎಚ್‌ಟಿಎಂಎಲ್ 5 ಮಾನಕವು ಅದನ್ನು ಕೈಬಿಟ್ಟಿದೆ. ಈಗ ಸಿಎಸ್‌ಎಸ್ ಗ್ರಿಡ್ ಮೂಲಕ ಎಡ ಫಲಕ, ವಿಭಾಜಕ ಪಟ್ಟಿ, ಬಲ ಫಲಕ ಎಂಬ ಮೂರು ಕಾಲಂಗಳನ್ನು ರಚಿಸಬಹುದಾಗಿದೆ. ಪಟ್ಟಿಯನ್ನು ಸರಿಸಿದಾಗ ಜಾವಾಸ್ಕ್ರಿಪ್ಟ್ ಎಡ ಫಲಕದ ಅಗಲವನ್ನು ಮಾತ್ರ ಬದಲಿಸುತ್ತದೆ. ಉಳಿದ ಸ್ಥಳವು ಬಲ ಫಲಕಕ್ಕೆ ಸಲ್ಲುತ್ತದೆ. ಎರಡೂ ಫಲಕಗಳಿಗೆ ಕನಿಷ್ಠ ಅಗಲವನ್ನು ನಿಗದಿಪಡಿಸತಕ್ಕದ್ದು. ಇಲ್ಲವಾದಲ್ಲಿ ನಮೂನೆಯು ಮರೆಯಾಗಿ, ತುಂಬಿದ ಅರ್ಜಿಯೇ ಕಳೆದುಹೋಯಿತೆಂದು ಅರ್ಜಿದಾರರು ಗಾಬರಿಗೊಳ್ಳುವ ಸಂಭವವಿರುತ್ತದೆ.

ದಾಖಲೆಯು ಐಫ್ರೇಮ್‌ನಲ್ಲಿದ್ದರೆ, ಎಳೆಯುತ್ತಿರುವ ಮೌಸ್ ಅದರ ಮೇಲೆ ಹಾದೊಡನೆ ಪಟ್ಟಿಯು ನಿಂತುಬಿಡುವುದುಂಟು. ಮೌಸ್‌ನ ಚಲನೆಯು ಐಫ್ರೇಮ್‌ಗೆ ಸೇರಿಹೋಗುವುದೇ ಇದಕ್ಕೆ ಕಾರಣ. ಎಳೆತ ಮುಗಿಯುವವರೆಗೆ ಚಲನೆಯನ್ನು ಪಟ್ಟಿಗೇ ಮೀಸಲಿಡುವ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಆದೇಶದಿಂದ ಈ ದೋಷವನ್ನು ನಿವಾರಿಸಬಹುದು.

ಎಳೆಯಲು ಸಾಧ್ಯವಾಗದ ಅರ್ಜಿದಾರರು

ಕೈನಡುಕವುಳ್ಳವರು, ದೃಷ್ಟಿದೋಷವುಳ್ಳವರು, ಮೌಸ್ ಕೆಟ್ಟ ಕಂಪ್ಯೂಟರಿನ ಮುಂದೆ ಕುಳಿತವರು ಸಹ ಅರ್ಜಿದಾರರೇ ಆಗಿರುತ್ತಾರೆ. ಆದುದರಿಂದ ಪಟ್ಟಿಯು ಟ್ಯಾಬ್ ಕೀಲಿಯಿಂದ ತಲುಪುವಂತೆಯೂ, ಎಡ-ಬಲ ಬಾಣದ ಕೀಲಿಗಳಿಂದ ಸರಿಯುವಂತೆಯೂ, ಎಂಟರ್ ಒತ್ತಿದಾಗ ಫಲಕವು ಮಡಚಿ ಪುನಃ ತೆರೆದುಕೊಳ್ಳುವಂತೆಯೂ ಇರತಕ್ಕದ್ದು. ಪಟ್ಟಿಗೆ ಸೆಪರೇಟರ್ ಎಂಬ ಪಾತ್ರಸೂಚಿಯನ್ನು ಹಾಗೂ ಅದರ ಪ್ರಸ್ತುತ ಸ್ಥಾನದ ಅಂಕಿಯನ್ನು ನೀಡಿದಲ್ಲಿ, ಪರದೆ ಓದುವ ತಂತ್ರಾಂಶವು ಅವುಗಳನ್ನು ತಿಳಿಸಬಲ್ಲದು.

ಕೀಲಿಮಣೆಯ ಸೌಲಭ್ಯವೊಂದೇ ಸಾಲದು. ಡಬ್ಲ್ಯು3ಸಿ ಸಂಸ್ಥೆಯು 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ವೆಬ್ ಸುಗಮ್ಯತಾ ಮಾರ್ಗಸೂಚಿಯ 2.2ನೇ ಆವೃತ್ತಿಯ ಪ್ರಕಾರ, ಎಳೆದು ಮಾಡುವ ಕಾರ್ಯವನ್ನು ಎಳೆಯದೆ, ಒತ್ತಿ ಮಾಡಲು ಸಹ ಅವಕಾಶವಿರಬೇಕು. ಫಲಕವನ್ನು ಹಿಗ್ಗಿಸುವ ಮತ್ತು ಕುಗ್ಗಿಸುವ ಎರಡು ಗುಂಡಿಗಳನ್ನು ಒದಗಿಸಿದರೆ ಈ ಅಗತ್ಯವು ಪೂರೈಸುತ್ತದೆ.

ಮೊಬೈಲ್ ಮತ್ತು ಸಾರ್ವಜನಿಕ ಕಂಪ್ಯೂಟರ್

ಮೊಬೈಲ್ ಪರದೆಯಲ್ಲಿ ಪಟ್ಟಿಯನ್ನು ತೆಗೆದು, ನಮೂನೆಯನ್ನು ಮೇಲೂ ದಾಖಲೆಯನ್ನು ಕೆಳಗೂ ಜೋಡಿಸುವುದು ಸೂಕ್ತ. ಫೋನನ್ನು ಅಡ್ಡ ಹಿಡಿದಾಗ ಪುಟವನ್ನು ಮರುರಚಿಸದೆ ಜೋಡಣೆಯನ್ನಷ್ಟೇ ಬದಲಿಸತಕ್ಕದ್ದು. ಮರುರಚಿಸಿದರೆ ತುಂಬಿದ ವಿವರಗಳು ಅಳಿಸಿಹೋಗಬಹುದು. ಮುಂದಿನ ಭೇಟಿಗಾಗಿ ಫಲಕದ ಅಗಲವನ್ನು ಬ್ರೌಸರ್‌ನಲ್ಲಿ ಉಳಿಸಲು ಅಡ್ಡಿಯಿಲ್ಲ. ಅರ್ಜಿಯ ವಿವರಗಳನ್ನು ಮಾತ್ರ ಅಲ್ಲಿ ಉಳಿಸಬಾರದು: ಸೈಬರ್ ಕೇಂದ್ರದಲ್ಲಿ ಅದೇ ಕುರ್ಚಿಗೆ ಮುಂದೆ ಬರುವವರು ಬೇರೊಬ್ಬರು.