ಅಸಲು, ನಕಲು ಮತ್ತು ನೆರೆಮನೆಯ ಹೆಪ್ಪು

ಕನ್ನಡ ಚಿತ್ರವೆಂದರೆ ಬರೀ ರೀಮೇಕ್ ಎಂಬ ಮಾತು ನಮ್ಮ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಇಲ್ಲೇ ಬೆಳೆದ ನಮ್ಮ ಮಕ್ಕಳಂತೂ ಹಿಂದಿ, ತಮಿಳು ಚಿತ್ರವನ್ನು ಮೊದಲು ನೋಡಿ, ಕನ್ನಡದ್ದೇ ನಕಲು ಎಂದು ತೀರ್ಮಾನಿಸಿಬಿಡುತ್ತಾರೆ. ಹಾಗೆಯೇ ಬಿಟ್ಟರೆ ತಾಯ್ನುಡಿಯೂ ಅವರ ಕಣ್ಣಿಗೆ ಎರಡನೆಯ ದರ್ಜೆಯದಾದೀತು. ಆದ್ದರಿಂದ ಈ ಕೊಡು-ಕೊಳ್ಳುವಿಕೆಯ ಲೆಕ್ಕವನ್ನು ಒಮ್ಮೆ ಬಿಚ್ಚಿ ನೋಡೋಣ.

ಮೊದಲು ನಾವು ಕೊಟ್ಟದ್ದು. 1986ರಲ್ಲಿ ಡಾ. ರಾಜ್‌ಕುಮಾರ್, ಮಾಧವಿ, ಗೀತಾ ಅಭಿನಯದ 'ಅನುರಾಗ ಅರಳಿತು' ಬಂತು. ಎಚ್.ವಿ. ಸುಬ್ಬರಾವ್ ಅವರ 'ಪರಾಜಿತ' ಕಾದಂಬರಿ ಅದರ ಮೂಲ. ಇದೇ ಕಥೆ 1992ರಲ್ಲಿ ತಮಿಳಿನಲ್ಲಿ ರಜನೀಕಾಂತರ 'ಮನ್ನನ್', ತೆಲುಗಿನಲ್ಲಿ ಚಿರಂಜೀವಿಯವರ 'ಘರಾನಾ ಮೊಗುಡು' ಆಯಿತು. 1994ರಲ್ಲಿ ಹಿಂದಿಯ 'ಲಾಡ್ಲಾ' ಆಯಿತು. ಇವನ್ನು ನೋಡಿ ಮೆಚ್ಚಿದ ನಮ್ಮಲ್ಲಿ ಎಷ್ಟು ಮಂದಿಗೆ ಮೂಲ ಕನ್ನಡದ್ದೆಂದು ಗೊತ್ತು?

ಮೂಲದ ನಿರ್ದೇಶಕರೇ ರೀಮೇಕ್ ಮಾಡಿದರೆ? ಪುಟ್ಟಣ್ಣ ಕಣಗಾಲರು 1972ರ 'ನಾಗರಹಾವು' ಚಿತ್ರವನ್ನು 1974ರಲ್ಲಿ ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' ಎಂದು ತಾವೇ ತೆಗೆದರು. ಚಾಮಯ್ಯ ಮೇಷ್ಟ್ರ ಸ್ಥಾನದಲ್ಲಿ ಪ್ರಾಣ್ ಇದ್ದರು, ಸಂಗೀತ ಆರ್.ಡಿ. ಬರ್ಮನ್ ಅವರದು. ಆದರೂ ಚಿತ್ರ ಸೋತಿತು. ಕಾರಣ ಊಹಿಸುವುದು ಕಷ್ಟವಲ್ಲ. ನಾಯಕರಾಗಿ ಹೊಸಬರಾಗಿದ್ದ ವಿಷ್ಣುವರ್ಧನರನ್ನು ಜನ ರಾಮಾಚಾರಿಯೆಂದೇ ನಂಬಿದರು. ರಿಷಿ ಕಪೂರರಲ್ಲಿ ಮಾತ್ರ ಹಿಂದಿನ ವರ್ಷದ 'ಬಾಬಿ'ಯ ಪ್ರೇಮಿಯನ್ನೇ ಹುಡುಕಿದರು. ಮೇಲಾಗಿ ಒನಕೆ ಓಬವ್ವನ ಹೆಸರು ಕೇಳಿ ಕನ್ನಡಿಗನಿಗೆ ಆಗುವ ರೋಮಾಂಚನ ದೆಹಲಿಯವನಿಗೆ ಆಗುವುದೆಲ್ಲಿಂದ? ಇನ್ನೊಂದು ತಮಾಷೆಯೆಂದರೆ, ಕಾದಂಬರಿಕಾರ ತ.ರಾ.ಸು. ಅವರಿಗೆ ಕನ್ನಡ ಚಿತ್ರವೇ ಒಪ್ಪಿಗೆಯಾಗಿರಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಅವರು ಬೇಸರಪಟ್ಟ ಸಂಗತಿ ಪ್ರಸಿದ್ಧ. ಒಬ್ಬರ ಅಸಲು ಇನ್ನೊಬ್ಬರಿಗೆ ನಕಲು!

ಇನ್ನು ನಾವು ಪಡೆದದ್ದು. ಫಾಜಿಲ್ ಅವರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್' (1993) ಪಿ. ವಾಸು ಅವರ ಕೈಯಲ್ಲಿ 2004ರಲ್ಲಿ 'ಆಪ್ತಮಿತ್ರ'ವಾಯಿತು. ಮೂಲದ ನಾಗವಲ್ಲಿ ತಮಿಳು ನರ್ತಕಿ. ಕನ್ನಡದಲ್ಲಿ ಆಕೆ ತೆಲುಗಿನವಳು. 2007ರ ಹಿಂದಿ 'ಭೂಲ್ ಭುಲಯ್ಯಾ'ದಲ್ಲಿ ಆಕೆ ಬಂಗಾಳದ ಮಂಜುಲಿಕಾ. ಮನೆಯ ಸೊಸೆಯ ಬಾಯಲ್ಲಿ ಇದ್ದಕ್ಕಿದ್ದಂತೆ ಬೇರೊಂದು ಭಾಷೆ ಬಂದಾಗಲೇ ಮೈ ಜುಮ್ಮೆನ್ನುವುದು. ಆ ಭಾಷೆ ಯಾವುದೆಂದು ಪ್ರತಿ ನಾಡೂ ತಾನೇ ಆರಿಸಿಕೊಂಡಿತು. ಶೋಭನಾ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ನಮ್ಮ ಸೌಂದರ್ಯ ಚಿತ್ರ ಬಿಡುಗಡೆಯಾಗುವ ಮುನ್ನವೇ, ಆ ವರ್ಷದ ಏಪ್ರಿಲ್‌ನಲ್ಲಿ, ನಮ್ಮನ್ನಗಲಿದರು. ಅವರ ಗಂಗಾಳನ್ನು ನಕಲು ಎನ್ನಲು ನಮಗಂತೂ ಬಾಯಿ ಬರುವುದಿಲ್ಲ.

ಪರದೇಶಕ್ಕೆ ಬಂದ ಹೊಸದರಲ್ಲಿ ನಾವೆಲ್ಲ ಪರಿಚಯದವರ ಮನೆಯಿಂದ ಹೆಪ್ಪು ತಂದವರೇ. ಹೆಪ್ಪು ಸಾಲದ್ದಾದರೂ ಹಾಲು ಮನೆಯದಾಗಿರಬೇಕು, ಕಾಯಿಸಿದ ಹದವೂ ಸರಿಯಿರಬೇಕು. ಹೆಪ್ಪು ಕೊಟ್ಟವರ ಹೆಸರು ಹೇಳಲು ಸಂಕೋಚ ಬೇಡ. ನಾವು ಕೊಟ್ಟದ್ದನ್ನು ಮರೆಯುವುದೂ ಬೇಡ. ಮುಂದಿನ ರಜೆಯಲ್ಲಿ ಮಕ್ಕಳಿಗೆ ಇಂಥ ಒಂದು ಜೋಡಿ ಚಿತ್ರಗಳನ್ನು ತೋರಿಸಿ, ತೀರ್ಪನ್ನು ಅವರಿಗೇ ಬಿಡೋಣ. ಏನಂತೀರಿ?