ಬರೆದವರು ಯಾರು?

ಬರಹವೊಂದನ್ನು ಮುಂದಿಟ್ಟುಕೊಂಡು ‘ಇದನ್ನು ಬರೆದವರು ಯಾರು?’ ಎಂದು ಕೇಳುವುದು ನಮ್ಮಲ್ಲಿ ಹೊಸತಲ್ಲ. 1898ರಲ್ಲಿ ‘ಕವಿರಾಜಮಾರ್ಗ’ವನ್ನು ಪ್ರಕಟಿಸಿದ ಕೆ. ಬಿ. ಪಾಠಕರು ಅದನ್ನು ನೃಪತುಂಗನ ಕೃತಿಯೆಂದು ತಿಳಿದಿದ್ದರು. ಮುಂದೆ ವಿದ್ವಾಂಸರು ಗ್ರಂಥದೊಳಗಿನ ಮಾತುಗಳನ್ನೂ, ದುರ್ಗಸಿಂಹನು ಶ್ರೀವಿಜಯನ ‘ಕವಿಮಾರ್ಗ’ವನ್ನು ಹೆಸರಿಸಿರುವುದನ್ನೂ ತೂಗಿ ನೋಡಿ, ಕರ್ತೃ ಶ್ರೀವಿಜಯನೆಂದು ವಾದಿಸಿದರು. ಪ್ರತಿಯೊಬ್ಬರೂ ಕಾರಣ ಕೊಟ್ಟರು; ಎದುರು ಪಕ್ಷಕ್ಕೆ ಉತ್ತರಿಸುವ ಅವಕಾಶವಿತ್ತು.

ಅದೇ ಪ್ರಶ್ನೆಯನ್ನು ಇಂದು ಕಾಲೇಜುಗಳಲ್ಲಿ ಯಂತ್ರಕ್ಕೆ ಕೇಳಲಾಗುತ್ತಿದೆ. 2018ರ ಯುಜಿಸಿ ನಿಯಮಾವಳಿಯಂತೆ ಪ್ರಬಂಧಗಳಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಆ ತಪಾಸಣೆಯಲ್ಲಿ ಮೂಲ ಪುಟವನ್ನೇ ತೆರೆದು ತೋರಿಸಬಹುದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹುಟ್ಟಿದ ಪತ್ತೆ ಸಾಧನಗಳ ಬಗೆ ಬೇರೆ. ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸುವಂತಿದೆ, ವಾಕ್ಯಗಳು ಎಷ್ಟು ಸಮನಾಗಿವೆ ಎಂಬಂಥ ಲಕ್ಷಣಗಳನ್ನು ಅಳೆದು ಅವು ಒಂದು ಸಂಭವವನ್ನಷ್ಟೇ ಹೇಳುತ್ತವೆ. ತೋರಿಸಲು ಮೂಲವಿಲ್ಲ.

ಚಾಟ್‌ಜಿಪಿಟಿಯ ತಯಾರಕರಾದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥ ಸಾಧನವೊಂದನ್ನು ಹೊರತಂದಿತು. ಅವರದೇ ಲೆಕ್ಕದಂತೆ ಅದು ಯಂತ್ರದ ಬರಹದಲ್ಲಿ ಶೇ. 26ರಷ್ಟನ್ನು ಹಿಡಿಯಿತು, ಮನುಷ್ಯರ ಬರಹದಲ್ಲಿ ಶೇ. 9ರಷ್ಟನ್ನು ಯಂತ್ರದ್ದೆಂದಿತು. ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಸಾಧನಗಳಿಗೆ ಒಡ್ಡಿದರು. ಸರಾಸರಿ ಶೇ. 61ರಷ್ಟು ಪ್ರಬಂಧಗಳು ಯಂತ್ರದವೆಂಬ ತೀರ್ಪು ಬಂತು.

ನಮ್ಮ ಕರಾವಳಿಯ ಮಕ್ಕಳನ್ನು ನೆನೆಯಿರಿ. ಮನೆಯಲ್ಲಿ ಕೊಂಕಣಿಯೋ ನವಾಯತಿಯೋ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ತಪ್ಪಾದೀತೆಂಬ ಅಂಜಿಕೆಯಿಂದ ಕಲಿತ ಮಾದರಿಯ ವಾಕ್ಯವನ್ನೇ ಬರೆಯುತ್ತಾರೆ. ಯಂತ್ರ ಶಂಕಿಸುವುದು ಇದನ್ನೇ. ನಮ್ಮ ಭಟ್ಕಳ ತಾಲೂಕಿನ ಹಾಡುವಳ್ಳಿಯ ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ಕಲಿತ ಭಾಷೆಯಲ್ಲಿ ಅಳೆದು ತೂಗಿ ಬರೆಯುವುದು ಅಪರಾಧವಲ್ಲ, ಅಭ್ಯಾಸದ ಫಲ.

ಕಳೆದ ವರ್ಷ ನನ್ನ ತಂಗಿಯ ಮೊಮ್ಮಗಳ ಪ್ರಬಂಧಕ್ಕೂ ಇಂಥ ಮುದ್ರೆ ಬಿತ್ತು. ಅವಳು ಒಡೆದುಹಾಕಿ ತಿದ್ದಿದ್ದ ಕರಡು ಪುಸ್ತಕವನ್ನು ಒಯ್ದು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಿದ ಮೇಲೆ ಅಂಕ ದೊರೆಯಿತು. ಕರಡನ್ನು ಎಸೆದಿದ್ದರೆ?

ಯಂತ್ರದಿಂದ ಬರೆಯಿಸಿ ತನ್ನದೆನ್ನುವವರು ಇದ್ದಾರೆ, ಅದು ವಂಚನೆಯೇ. ನನ್ನ ಶಿಷ್ಯರಲ್ಲಿ ಅನೇಕರು ಈಗ ಉಪನ್ಯಾಸಕರು. ಅವರಲ್ಲಿ ನನ್ನ ವಿನಂತಿ ಇಷ್ಟೇ: ಶೇಕಡಾವಾರು ಕಂಡೊಡನೆ ತೀರ್ಪು ಕೊಡಬೇಡಿ. ಕರಡು ಕೇಳಿ, ತರಗತಿಯಲ್ಲಿ ಒಂದು ಪುಟ ಬರೆಯಿಸಿ, ಎದುರು ಕೂರಿಸಿಕೊಂಡು ಹತ್ತು ನಿಮಿಷ ಮಾತನಾಡಿ. ಬರೆದವರಾರೆಂಬುದು ಆಗ ತಿಳಿಯುತ್ತದೆ.